ನಾನು ತಿರುವದೆ ಬಿಟ್ಟ ನಟ್ಟುಗಳು

ನನ್ನ ಗಂಡ ತನ್ನ ಕಾಲಿನ ನಟ್ಟುಗಳನ್ನು ಹಿಂದಕ್ಕೆ ತಿರುವಲಿಲ್ಲ. ನಾನು ಮುಂದಕ್ಕೆ ತಿರುವಲಿಲ್ಲ. ಈ ಎರಡು ಮಾತು ಹೇಳುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು — ಅಷ್ಟರಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದ ನಮ್ಮ ಅತ್ತೆ ತೀರಿಹೋದರು.

ಹೊರಗಿನವರಿಗೆ ಇದು ಏನೂ ತಿಳಿಯಲಿಕ್ಕಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆ ಕಮರಿಪೇಟೆಯಲ್ಲಿ. ನಮ್ಮ ಮನೆಯವರು, ಈರಣ್ಣ ಅಂತ ಹೆಸರು, ಅಮರಗೋಳದ ಮಾರ್ಕೆಟ್ಟಿನಲ್ಲಿ ತಮ್ಮ ಅಣ್ಣ ಮಲ್ಲಪ್ಪನವರ ಜೊತೆ ಮೆಣಸಿನಕಾಯಿ ದಲಾಲಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಭಾವ ಗಾದಿಯ ಮೇಲೆ ಕೂಡುವವರು; ಇವರು ರಾಶಿಯಿಂದ ರಾಶಿಗೆ ಓಡಾಡುವವರು. ಕಾಯಿ ಮುರಿದು ಮೂಸಿ ನೋಡಿದರೆಂದರೆ ಅದು ಯಾವ ಹೊಲದ ಮಣ್ಣಿನದು ಅಂತ ಹೇಳುತ್ತಿದ್ದರು. ಒಂದು ಮುಂಜಾನೆ ಗೋಕುಲ ರಸ್ತೆಯಲ್ಲಿ ಟ್ರಕ್ಕಿನ ಹಿಂದಿನ ಗಾಲಿ ಇವರ ಬೈಕನ್ನೂ ಎಡಗಾಲನ್ನೂ ಒಟ್ಟಿಗೇ ತುಳಿಯಿತು. ಮೊಣಕಾಲಿನ ಕೆಳಗಿನ ಎಲುಬು ಚೂರುಚೂರಾಗಿತ್ತು. ಕೆಟ್ಟುಹೋದ ಚೂರುಗಳನ್ನು ತೆಗೆದ ಮೇಲೆ ನಡುವೆ ನಾಲ್ಕು ಬೆರಳಿನಷ್ಟು ಎಲುಬೇ ಇರಲಿಲ್ಲ.

"ಕಾಲು ತಗದ್ರ ತಿಂಗಳದಾಗ ಮನಿಗೆ ಹೋಗ್ತೀರಿ," ಅಂದರು ಡಾಕ್ಟರು. "ಉಳಿಸಿಕೊಳ್ಳಬೇಕಂದ್ರ ವರ್ಷದ ಹತ್ತಿರ ಹಿಡೀತದ. ಮತ್ತ ಅರ್ಧಾ ಕೆಲಸ ನಮ್ಮದಲ್ಲ, ಮನಿಯವರದು. ಮಾಡ್ತೀರೇನು?"

ಮಾಡುತ್ತೇನೆ ಅಂದವಳು ನಾನು. ಯಾರೂ ಒತ್ತಾಯ ಮಾಡಲಿಲ್ಲ.

ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ಸರಳುಗಳು, ಬಳೆಗೆ ಬಿಗಿದ ತಂತಿಗಳು ಚರ್ಮ, ಮಾಂಸ, ಎಲುಬು ದಾಟಿ ಆಚೆ ಬದಿಗೆ ಬಂದಿದ್ದವು. ಮೊಣಕಾಲಿನ ಹತ್ತಿರ ಗಟ್ಟಿ ಇದ್ದ ಎಲುಬನ್ನು ಬೇಕೆಂದೇ ಕತ್ತರಿಸಿದ್ದರು. ಆ ತುಂಡನ್ನು ದಿನಕ್ಕೆ ಒಂದೇ ಮಿಲಿಮೀಟರಿನಂತೆ ಕೆಳಗೆ ಸರಿಸುತ್ತ ಹೋಗಬೇಕು. ಅದು ಸರಿದ ಹಾಗೆ ಹಿಂದಿನ ಸಂದಿನಲ್ಲಿ ಹೊಸ ಎಲುಬು ಹುಟ್ಟುತ್ತದೆ. ಸರಿಸುವುದು ಹೇಗೆ ಅಂದರೆ ಹತ್ತು ನಂಬರಿನ ಪಾನಾ, ಅಂದರೆ ಸ್ಪ್ಯಾನರು, ಹಿಡಿದು, ಸರಳಿನ ಮೇಲಿನ ನಾಲ್ಕೂ ನಟ್ಟುಗಳನ್ನು ನಾಲ್ಕರಲ್ಲೊಂದು ಸುತ್ತು ತಿರುವುವುದು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವ ಮುಂಚೆ. ಪ್ರತಿ ನಟ್ಟಿನ ಮೇಲೆ ನರ್ಸಮ್ಮ ಉಗುರು ಬಣ್ಣದ ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದರು, ಲೆಕ್ಕ ತಪ್ಪಬಾರದು ಅಂತ.

ನಾನು ಒಂದು ವಹಿ ಮಾಡಿದೆ. ಮಗಳ ಸಾಲಿಯ ವಹಿಯಲ್ಲಿ ಉಳಿದ ಹಾಳೆಗಳಿಗೆ ಗೆರೆ ಹೊಡೆದು, ದಿನಕ್ಕೆ ನಾಲ್ಕು ಮನೆ. ತಿರುವಿದ ಕೂಡಲೇ ಒಂದು ಗುರುತು. ಪಕ್ಕದಲ್ಲಿ ಜ್ವರ ಎಷ್ಟು, ಯಾವ ತಂತಿಯ ಬುಡದಲ್ಲಿ ನೀರು ಬಂತು, ಎಷ್ಟು ರೊಟ್ಟಿ ತಿಂದರು. ಡಾಕ್ಟರು ಮೊಟ್ಟೆ ಕೊಡಿ ಅಂದಿದ್ದರು. ಅತ್ತೆ ಕಿವಿ ಮುಚ್ಚಿಕೊಂಡರು. ಹಾಗಾಗಿ ಶೇಂಗಾ ಹಿಂಡಿ, ಹೆಸರುಕಾಳು, ಹಾಲು — ಎಲ್ಲ ಬರೆದಿದ್ದೇನೆ. ನನಗೆ ಹಾಗೆ ಬರೆದಿಡುವುದು ಚಿಕ್ಕಂದಿನಿಂದ ರೂಢಿ.

ನೋಡಲು ಬಂದವರೆಲ್ಲ ಹೊದಿಕೆ ಸರಿಸಿ ಕಾಲು ನೋಡುತ್ತಿದ್ದರು. ಭಾವ ಮೊದಲ ದಿನವೇ, "ಸೈಕಲ್ಲಿನ ಗಾಲಿ ಹಾಕ್ಯಾರಲ್ಲೋ ಈರ್ಯಾ! ಇನ್ನ ನಿನಗ ಪೆಟ್ರೋಲ್ ಖರ್ಚಿಲ್ಲ ಬಿಡು," ಅಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಮಂದಿಯ ಮುಂದೆ ನಗುವವರು, ಪಾನಾ ನೋಡಿದ ಕೂಡಲೇ ಬೇರೆ ಮನುಷ್ಯ ಆಗುತ್ತಿದ್ದರು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. "ಕಟುಕಿ ಇದ್ದೀ ನೀ, ಕಟುಕಿ. ನಿಮ್ಮ ಅಪ್ಪನ ಮನ್ಯಾಗ ಇದನ್ನ ಕಲಿಸಿ ಕಳಿಸ್ಯಾರೇನು?" ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ತಿರುವಿದ ಮೇಲೆ ತಾಸುಗಟ್ಟಲೆ ನನ್ನ ಕಡೆ ನೋಡುತ್ತಿರಲಿಲ್ಲ.

ಹನ್ನೆರಡು ದಿನ ನಾನು ಒಂದೂ ತಪ್ಪಿಸಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ. ಮಗಳು ಸಾಲಿಗೆ ಹೋಗಿದ್ದಳು, ಅತ್ತೆ ಉಂಡು ಒಳಗೆ ಮಲಗಿದ್ದರು. ಪಾನಾ ತೆಗೆದು ಮೊದಲ ನಟ್ಟಿಗೆ ಇಟ್ಟೆ — ಇಟ್ಟೆ ಅಷ್ಟೇ, ಇನ್ನೂ ತಿರುವಿರಲಿಲ್ಲ — ಟವೆಲ್ಲಿನ ಕೆಳಗಿನಿಂದ ಅವರು ಚೀರಿದರು. ನನ್ನ ಕೈ ತಾನಾಗಿಯೇ ಹಿಂದೆ ಬಂತು. ಉಳಿದ ಮೂರಕ್ಕೂ ಸುಮ್ಮನೆ ಪಾನಾ ತಾಗಿಸಿ ತೆಗೆದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸಪ್ಪಳ ಅಷ್ಟೇ.

"ಆತೇನು?" ಅಂದರು.

"ಆತ್ರಿ," ಅಂದೆ.

ಅವರು ಟವೆಲ್ ಸರಿಸಿದರು. "ಇವತ್ತ ಹಗೂರ ಆತು ನೋಡ ಗಿರಿಜಾ. ನಿನ್ನ ಕೈ ಹದಕ್ಕ ಬಂತು." ಮಜ್ಜಿಗೆ ಕೇಳಿದರು. ಕುಡಿಯುತ್ತ ಮಾರ್ಕೆಟ್ಟಿನ ಸುದ್ದಿ ಹೇಳಿದರು. ಯಾರೋ ಸೇಟಜಿ ತನ್ನ ಚೀಲವನ್ನೇ ತಾನು ಹರಾಜಿನ ಸವಾಲಿನಲ್ಲಿ ಹಿಡಿದ ಕಥೆ. ಅಪಘಾತ ಆದ ಮೇಲೆ ಅವರು ನನ್ನ ಜೊತೆ ಹಾಗೆ ನಗುನಗುತ್ತ ಮಾತಾಡಿದ್ದು ಅದೇ ಮೊದಲು. ನಾನು ವಹಿ ತೆಗೆದು ಮಧ್ಯಾಹ್ನದ ಮನೆಯಲ್ಲಿ ಗುರುತು ಹಾಕಿದೆ.

ಮರುದಿನವೂ ಹಾಗೇ. ಶ್ರಾವಣ ಹಿಡಿಯಿತು, ಅತ್ತೆ ಸಂಜೆ ಮಠಕ್ಕೆ ಪುರಾಣ ಕೇಳಲು ಹೋಗತೊಡಗಿದರು. ಆಮೇಲೆ ಸಂಜೆಯದೂ ತಪ್ಪಿತು. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಅತ್ತೆ ಪಕ್ಕದಲ್ಲೇ ವಿಭೂತಿ ಹಿಡಿದು ನಿಂತಿರುತ್ತಿದ್ದರು. ಆ ಎರಡು ಹೊತ್ತು ಸರಿಯಾಗಿ ತಿರುವುತ್ತಿದ್ದೆ.

ಅವರ ನೋವು ನೋಡಲಾಗಲಿಲ್ಲ ಅಂತ ಹೇಳಿಬಿಟ್ಟರೆ ಕೇಳುವವರು ಅಯ್ಯೋ ಅನ್ನುತ್ತಾರೆ. ಅದು ಅರ್ಧ ನಿಜ. ಉಳಿದ ಅರ್ಧ — ತಿರುವದ ಹೊತ್ತಿನಲ್ಲಿ ಅವರು ನನ್ನ ಗಂಡ ಆಗಿರುತ್ತಿದ್ದರು. ಆ ಎರಡು ತಾಸು ನನಗೆ ಬೇಕಾಗಿತ್ತು. ಅವರ ಕಾಲಿಗಿಂತ ಹೆಚ್ಚು ಬೇಕಾಗಿತ್ತೋ ಏನೋ...

ಮನಸ್ಸಿಗೆ ಒಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ. ಉರಿ ಸಣ್ಣಗೆ ಮಾಡಿದರೂ ಬೇಳೆ ಬೇಯುತ್ತದಲ್ಲ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ಅರ್ಧ ತಿರುವಿದರೆ ಎಲುಬು ಅರ್ಧ ಜೋರಿನಲ್ಲಿ ಸರಿಯುತ್ತದೆ, ಎರಡು ತಿಂಗಳು ತಡ. ಅಡುಗೆಮನೆಯ ಬುದ್ಧಿ. ಎಲುಬು ಬೇಳೆಯಲ್ಲ. ನಿಧಾನ ಮಾಡಿದರೆ ಅದು ಕಾಯುವುದಿಲ್ಲ, ಅಲ್ಲಲ್ಲೇ ಗಟ್ಟಿಯಾಗಿ ಕೂಡಿಬಿಡುತ್ತದೆ. ಕೊನೆ ಕೊನೆಗೆ ಬೆಳಗಿನ ತಿರುವು ಎಷ್ಟು ಬಿಗಿ ಬರುತ್ತಿತ್ತೆಂದರೆ ನನ್ನ ಮುಂಗೈ ನೋಯುತ್ತಿತ್ತು. ತಿಳಿಯಿತು, ಏನೋ ಕೆಟ್ಟಿದೆ ಅಂತ. ಆಗಲಾದರೂ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಹೀಗೆ ಇಪ್ಪತ್ತು ದಿನ. ಫೋಟೋ ತೆಗೆಸುವ ದಿನ ಬಂತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಹಿ ಓದಿದರು. ಪಟ್ಟಿ ಹಿಡಿದು ಸರಳಿನ ಮೇಲೆ ನಟ್ಟು ಎಷ್ಟು ಸರಿದಿದೆ ಅಂತ ಅಳೆದರು. ವಹಿಯ ಪ್ರಕಾರ ಮೂರು ಸೆಂಟಿಮೀಟರಿನ ಮೇಲೆ ಸರಿದಿರಬೇಕು; ಇದ್ದದ್ದು ಎರಡರ ಮೇಲೆ ಸ್ವಲ್ಪ. ಹೊಸ ಎಲುಬು ಹೊತ್ತಿಗೆ ಮುಂಚೆಯೇ ಕೂಡಿಕೊಂಡಿತ್ತು. ಮತ್ತೆ ಕತ್ತರಿಸಬೇಕು.

"ನಿಮ್ಮ ಮನಿಯವರು ನಾಕೂ ಹೊತ್ತು ತಿರುವ್ಯಾರ, ವಹಿ ನೋಡಿದ್ರ ಗೊತ್ತಾಗ್ತದ. ಹಂಗಾರ ಹಿಂದಕ್ಕ ತಿರುವಿದವರು ಯಾರು, ಈರಣ್ಣಾರ?" ದನಿಯಲ್ಲಿ ಸಿಟ್ಟಿರಲಿಲ್ಲ. "ನಾಚಬ್ಯಾಡ್ರಿ. ತ್ರಾಸ ತಡೀಲಾರದ ಹಿಂಗ ಮಾಡಿದವರನ್ನ ನಾ ನೋಡೇನಿ."

"ನಾ ಮುಟ್ಟೇ ಇಲ್ರಿ ಸಾಹೇಬ್ರ," ಅಂದರು ಇವರು. ನನ್ನ ಕಡೆ ತಿರುಗಿದರು. "ಹೇಳ ಇವ್ರಿಗೆ."

ನಾನು ವಹಿಯ ಕಡೆ ನೋಡಿದೆ. "ನಾ ನಾಕೂ ಹೊತ್ತು ತಿರುವೇನ್ರಿ," ಅಂದೆ.

ಅಷ್ಟೇ ಅಂದದ್ದು. ಇವರು ಹಿಂದಕ್ಕೆ ತಿರುವಿದರು ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೇ ಬೀಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಮಂಚದ ಮುಂದೆ ನಿಂತರು. "ಈರಣ್ಣಾ, ಲಿಂಗಾ ಕೈಯಾಗ ತಗೊಂಡು ಹೇಳು. ನೀ ತಿರುವಿಲ್ಲ ಅಂತ ಒಂದ ಮಾತು ಹೇಳು. ಡಾಕ್ಟರ ಸುಳ್ಳು, ಆ ವಹಿ ಸುಳ್ಳು ಅಂತೇನಿ ನಾನು."

ಇವರು ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನೋಡಿದರು. ಮತ್ತೆ ಕರಡಿಗೆಯೊಳಗೆ ಇಟ್ಟು ಮುಚ್ಚಿದರು. "ಎಚ್ಚರಿದ್ದಾಗ ಮುಟ್ಟಿಲ್ಲ ಅವ್ವಾ. ನಿದ್ದ್ಯಾಗ ಏನರ ಮಾಡೇನೋ ಏನೋ... ಗೊತ್ತಿಲ್ಲದ್ದಕ್ಕ ಹೆಂಗ ಆಣಿ ಮಾಡ್ಲಿ?"

ಸುಳ್ಳು ಆಣೆ ಮಾಡುವ ಮನುಷ್ಯ ಆಗಿದ್ದರೆ ಅವತ್ತೇ ಪಾರಾಗುತ್ತಿದ್ದರು. ನಾನು ಸುಳ್ಳು ಹೇಳುತ್ತೇನೆ ಅಂತ ಅವರ ಮನಸ್ಸಿಗೆ ಬರಲೇ ಇಲ್ಲ. ನಟ್ಟು ಸರಿದಿಲ್ಲ, ಗಿರಿಜಾ ತಿರುವಿದ್ದಾಳೆ — ಹಾಗಾದರೆ ತಪ್ಪು ತನ್ನ ಕೈಯದೇ ಇರಬೇಕು. ನನ್ನನ್ನು ನಂಬಿ, ತಮ್ಮನ್ನು ತಾವು ಬಿಟ್ಟುಕೊಟ್ಟರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಲಿಂಗ ಹಿಡಿದು ತಡವರಿಸಿದ ಮಗ — ಅವರ ಪಾಲಿಗೆ ಅದು ತಪ್ಪೊಪ್ಪಿಗೆ. ನನಗೆ ಆಣೆ ಮಾಡು ಅಂತ ಯಾರೂ ಅನ್ನಲಿಲ್ಲ. ನನ್ನ ಕೈಯಲ್ಲಿ ವಹಿ ಇತ್ತಲ್ಲ.

ಎರಡನೇ ಆಪರೇಷನ್ ಆಗಿ ಬಂದ ದಿನ ಅವರು ನನ್ನನ್ನು ಕರೆದು ಅಂದರು: "ಮಲಗೂ ಮುಂದ ನನ್ನ ಕೈ ಮಂಚಕ್ಕ ಕಟ್ಟು."

ನಾನು ಕಟ್ಟಿದೆ. ಹಳೆಯ ಸೀರೆಯ ಅಂಚು ಹರಿದು, ದಿನಾಲೂ ಕಟ್ಟಿದೆ. ಬೆಳಿಗ್ಗೆ ಬಿಚ್ಚಿದೆ. ಆಮೇಲೆ ಒಂದೇ ಒಂದು ತಿರುವನ್ನೂ ತಪ್ಪಿಸಲಿಲ್ಲ.

ವರ್ಷದೊಳಗೆ ಇಳಿಯಬೇಕಾಗಿದ್ದ ಬಳೆಗಳು ಒಂದೂವರೆ ವರ್ಷ ಕಾಲಿನ ಮೇಲೆ ಇದ್ದವು. ತಂತಿಯ ತೂತುಗಳು ಮೇಲಿಂದ ಮೇಲೆ ಕೀವು ಹಿಡಿದವು. ಪಾದದ ಕೀಲು ಬಿಗಿದುಹೋಯಿತು. ಕಾಲು ಒಂದು ಅಂಗುಲ ಗಿಡ್ಡ ಉಳಿಯಿತು. ಇದರಲ್ಲಿ ಎಷ್ಟು ನನ್ನದು, ಎಷ್ಟು ಹೇಗೂ ಆಗುವುದಿತ್ತು — ಡಾಕ್ಟರಿಗೂ ಹೇಳಲು ಬರುವುದಿಲ್ಲ. ನಡೆಯುವ ಕಾಲು ಅಂತೂ ಉಳಿಯಿತು.

ಆದರೆ ಮನುಷ್ಯ — ಭಾವ ಅಂಗಡಿಯಲ್ಲಿ ಏನಾದರೂ ನಿರ್ಧಾರದ ಮಾತು ಬಂದರೆ, "ಅಂವನ್ನ ಯಾಕ ಕೇಳ್ತೀರೋ? ಅಂವಾ ಮೊದಲ ಹಿಂದಕ್ಕ ತಿರುವೋ ಗಿರಾಕಿ," ಅನ್ನುತ್ತಿದ್ದರು. ಹಮಾಲರು ಕೂಡ ನಗುತ್ತಿದ್ದರು. ಇವರು ಜಗಳ ಮಾಡಲಿಲ್ಲ. ಅಂಗಡಿಯ ಮೂಲೆಯ ಕುರ್ಚಿ ಹಿಡಿದರು. ಮೆಣಸಿನಕಾಯಿ ಮುರಿದು ನೋಡಿದರೂ ಬೆಲೆ ಹೇಳುತ್ತಿರಲಿಲ್ಲ: "ನೀನ ನೋಡಣ್ಣಾ, ನಂದೇನ ಖಾತ್ರಿ." ಅತ್ತೆ ಬಂದ ನೆಂಟರ ಮುಂದೆಲ್ಲ, "ನನ್ನ ಮಗಗ ತಡಕೊಳ್ಳೋ ಎದಿ ಇಲ್ಲ, ಸೊಸಿ ಇದ್ದದ್ದಕ್ಕ ಕಾಲು ಉಳೀತು," ಅನ್ನುತ್ತಿದ್ದರು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು ಅಂದರು: "ಗಿರಿಜವ್ವಾ, ಅಂವನ್ನ ಸಂಭಾಳಸು. ಧೈರ್ಯದ ಮನಷ್ಯಾ ಅಲ್ಲ ಅಂವಾ." ಇವರು ಬಾಗಿಲಲ್ಲೇ ನಿಂತಿದ್ದರು. ಕೇಳಿಸಿಕೊಂಡರು. ನಾನು ಹೂಂ ಅಂದೆ.

ಎರಡು ತಿಂಗಳ ಹಿಂದೆ ಆಸ್ಪತ್ರೆಯಿಂದ ಫೋನು ಬಂತು. ಹತ್ತು ವರ್ಷ ದಾಟಿದ ಇಂಥ ಕಾಲುಗಳು ಈಗ ಹೇಗಿವೆ ಅಂತ ಕರೆದು ನೋಡುತ್ತಿದ್ದಾರಂತೆ. ಹಳೆಯ ಕಾಗದ ಏನಿದ್ದರೂ ತನ್ನಿ ಅಂದರು. ಟ್ರಂಕಿನಿಂದ ವಹಿ ತೆಗೆದವರು ಇವರೇ. ಒರೆಸಿ ಚೀಲಕ್ಕೆ ಹಾಕಿಕೊಂಡರು.

ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಟೇಪು ಹಿಡಿದು ಎರಡೂ ಕಾಲು ಅಳೆದು, ಪ್ರಶ್ನೆ ಕೇಳುತ್ತ ಬರೆದುಕೊಂಡಳು. ಇವರು ಹೇಳುತ್ತ ಹೋದರು: ಮೆಟ್ಟಿಲು ಹತ್ತುತ್ತೇನೆ, ಕಂಬಿ ಹಿಡಿದು. ನೆಲದ ಮೇಲೆ ಕೂತು ಉಣ್ಣಲಾಗುವುದಿಲ್ಲ. ಪೂಜೆಗೂ ಸ್ಟೂಲು. ಚಳಿಗೆ ನೋಯುತ್ತದೆ. ಸೊಂಟ ನೋಯುತ್ತದೆ. ಸ್ಕೂಟರ್ ಓಡಿಸುತ್ತೇನೆ. ಕೊನೆಯ ಪ್ರಶ್ನೆ: "ಇಷ್ಟೆಲ್ಲಾ ಗೊತ್ತಾದ ಮ್ಯಾಲೆ, ಮತ್ತ ಇದ ಆಪರೇಷನ್ ಮಾಡಿಸ್ಕೋತೀರೇನ್ರಿ, ಇಲ್ಲಾ ಕಾಲು ತಗಸ್ತಿದ್ರಿ?"

"ಮಾಡಿಸ್ಕೋತೇನ್ರಿ ಬಾಯಾರ," ಅಂದರು ಇವರು, ನಗುತ್ತ. "ಆದ್ರ ಮೊದಲ ನನ್ನ ಕೈ ಕಟ್ರಿ."

ಅವಳಿಗೆ ತಿಳಿಯಲಿಲ್ಲ. ಆಗ ನಮ್ಮ ಹಳೆಯ ಡಾಕ್ಟರು ಒಳಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ವಹಿ ಗುರುತು ಹಿಡಿದು, ಹಾಳೆ ತಿರುವಿ ಅವಳಿಗೆ ತೋರಿಸಿದರು. "ಇವರ ಕಥಿ ನಾ ಕಲಿಯೋ ಹುಡುಗರಿಗೆ ಹೇಳ್ತಿರ್ತೇನಿ. ಮನಿಯವರು ಎಷ್ಟ ಛಲೋ ನೋಡಿಕೊಂಡ್ರೂ ಪೇಷಂಟಿನ ಮನಸ್ಸು ಗಟ್ಟಿ ಇರಲಿಲ್ಲಂದ್ರ ಏನಾಗ್ತದ, ನೋಡು." ಪ್ರೀತಿಯಿಂದಲೇ ಇವರ ಹೆಗಲ ಮೇಲೆ ಕೈ ಇಟ್ಟರು. ಈ ವಹಿಯ ಫೋಟೋ ತೆಗೆದುಕೊಳ್ಳಲೇ ಅಂತ ನನ್ನನ್ನು ಕೇಳಿದರು.

ಇವರು ತಲೆ ಬಗ್ಗಿಸಿ ಮುಗುಳ್ನಕ್ಕರು. ತಪ್ಪು ಮಾಡಿದವನು ನಗುವ ನಗೆ ಅದು. ಮಾಡದವನ ಮುಖದ ಮೇಲೆ ನಾನೇ ಇಟ್ಟ ನಗೆ.

ಮನೆಗೆ ಬಂದು ಅವರು ಕುರ್ಚಿಯ ಮೇಲೆ ಕೂತು, ದಪ್ಪ ಅಟ್ಟೆಯ ಎಡಗಾಲಿನ ಬೂಟಿನ ಲೇಸು ಬಿಚ್ಚುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮಧ್ಯಾಹ್ನದ್ದು, ಸಂಜೆಯದು, ಪಾನಾ ತಾಗಿಸಿ ತೆಗೆಯುತ್ತಿದ್ದದ್ದು — ಎಲ್ಲ.

ಲೇಸು ಕೈಯಲ್ಲೇ ಉಳಿಯಿತು. "ಎಷ್ಟ ದಿನ?"

"ಇಪ್ಪತ್ತು."

"ಅವ್ವ ಲಿಂಗಾ ಹಿಡಿ ಅಂದಾಗ ನೀ ಅಲ್ಲೇ ನಿಂತಿದ್ದೆಲ್ಲ?"

"ಹೂನ್ರಿ."

"ಕೈ ಕಟ್ಟು ಅಂದಾಗ—" ಅಂದವರು ನನ್ನ ಉತ್ತರಕ್ಕೆ ಕಾಯಲಿಲ್ಲ. "ಕಟ್ಟಿದಿ. ಗಂಟು ಬಿಗಿ ಆತೇನ್ರಿ ಅಂತ ಕೇಳಿದಿ ಮತ್ತ."

ಕೇಳಿದ್ದೆ. ಖರೇ. ನನಗೆ ಮರೆತುಹೋಗಿತ್ತು, ಅವರಿಗೆ ಮರೆತಿರಲಿಲ್ಲ.

ಅವರು ಕೂಗಲಿಲ್ಲ, ಬೈಯಲಿಲ್ಲ. ಎಂಟು ದಿನ ಮಾತಾಡಲಿಲ್ಲ. ಎಷ್ಟೋ ಸಲ ಅವರು ತಮ್ಮ ಕೈಗಳನ್ನು ಮುಂದೆ ಹಿಡಿದು, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ನೋಡುತ್ತ ಕೂತಿರುತ್ತಿದ್ದರು. ಒಂಬತ್ತನೆಯ ದಿನ ಅಂದರು: "ಡಾಕ್ಟರ ಮುಂದ ಹೇಳು. ಕಾಗದದ ಮ್ಯಾಲೆ ಬರಸು. ನನಗ ಮಾತ್ರ ತಪ್ಪಾತು ಅನ್ನಬ್ಯಾಡ. ಅದನ್ನ ಕೇಳಾಕ ನನ್ನ ಕೈಲೆ ಆಗೂದಿಲ್ಲ."

ಇಬ್ಬರೂ ಹೋದೆವು. ನಾನು ಹೇಳುವಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಕೇಳಿ ಮುಗಿಸಿ ಇವರ ಕಡೆ ತಿರುಗಿ, "ಈರಣ್ಣಾರ, ನಾನೂ..." ಅಂದು ನಿಲ್ಲಿಸಿದರು.

"ನಿಮ್ಮದೇನದ ಬಿಡ್ರಿ ಸಾಹೇಬ್ರ," ಅಂದರು ಇವರು. "ನೀವು ಬರದದ್ದನ್ನ ನಂಬಿದ್ರಿ. ನಾನೂ ಅದನ್ನ ನಂಬಿದ್ದೆ."

ಹಳೆಯ ಫೈಲು ತರಿಸಿ, ರೋಗಿ ನಟ್ಟು ಹಿಂದಕ್ಕೆ ತಿರುವಿದ್ದಾನೆ ಅಂತ ಬರೆದಿದ್ದ ಸಾಲಿನ ಮೇಲೆ ಡಾಕ್ಟರು ಗೆರೆ ಎಳೆದರು. ಕೆಳಗೆ ಹೊಸದಾಗಿ ಬರೆಯುತ್ತ ಪೆನ್ನು ನಿಲ್ಲಿಸಿ ಕೇಳಿದರು: "ಕಾರಣ ಏನಂತ ಬರೀಲಿ ತಾಯಿ?"

ಅವರ ಚೀರಾಟ ಬಾಯಿಗೆ ಬಂತು. ಮಜ್ಜಿಗೆ ಕುಡಿಯುತ್ತ ನಕ್ಕದ್ದು ಬಾಯಿಗೆ ಬಂತು. "ಕಾರಣ ಬ್ಯಾಡ್ರಿ," ಅಂದೆ. "ನಾ ತಿರುವಲಿಲ್ಲ. ತಿರುವೇನಿ ಅಂತ ಬರದೆ. ಅಷ್ಟ ಬರೀರಿ."

ಸಹಿ ಮಾಡಿದೆ. ಇವರು ಆ ಹಾಳೆಯ ಝೆರಾಕ್ಸ್ ಕೇಳಿದರು. ಎರಡು ಸಲ ಓದಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಹೊರಗೆ ಬಂದ ಮೇಲೆ, "ನೀ ಮನಿಗೆ ನಡಿ. ಅಣ್ಣಗ ನಾನ ತೋರಸ್ತೇನಿ," ಅಂದು ಅಮರಗೋಳದ ಕಡೆ ಹೋದರು. ಅಲ್ಲಿ ಏನಾಯಿತು ಅಂತ ಅವರು ಹೇಳಿಲ್ಲ. ಕೇಳುವ ಮುಖ ನನಗಿಲ್ಲ. ಅತ್ತೆ ಯಾರ್ಯಾರ ಮುಂದೆ ಆ ಮಾತು ಹೇಳಿದ್ದರೋ, ಅವರಿಗೆಲ್ಲ ಆ ಝೆರಾಕ್ಸ್ ಮುಟ್ಟುವುದಿಲ್ಲ. ಅದಕ್ಕೇ ಇದನ್ನು ಹೆಸರು ಸಮೇತ ಬರೆದಿದ್ದೇನೆ. ಓದಿದವರು ಓದದವರಿಗೆ ಹೇಳಲಿ.

ಈಗ ಮಾತಾಡುತ್ತಾರೆ. ಬೇಕಾದಷ್ಟೇ. ಉಣ್ಣಲು ಬಡಿಸಿದರೆ ಉಣ್ಣುತ್ತಾರೆ. ಹಾಲು ಕಾಯಿಸಿ ಇಟ್ಟಿದ್ದೇನೆ ಅಂದರೆ ಎದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತಾರೆ. ಗ್ಯಾಸ್ ಬಂದ್ ಮಾಡಿದ್ದೇನೆ ಅಂದರೆ, ಹೂಂ ಅಂದು, ಗೋಡೆ ಹಿಡಿದುಕೊಂಡು, ಒಂದು ಹೆಜ್ಜೆ ಭಾರ ಒಂದು ಹೆಜ್ಜೆ ಹಗುರ ಇಡುತ್ತ ಅಡುಗೆಮನೆಗೆ ಹೋಗಿ, ಬಗ್ಗಿ, ಸಿಲಿಂಡರಿನ ರೆಗ್ಯುಲೇಟರಿನ ಗುಬಟಿ ಮುಟ್ಟಿ ನೋಡಿ ಬರುತ್ತಾರೆ. ಬಗ್ಗಿದರೆ ಅವರಿಗೆ ಸೊಂಟ ಹಿಡಿಯುತ್ತದೆ. ನಾನು ನಿಂತಲ್ಲೇ ನಿಂತಿರುತ್ತೇನೆ. ಬೇಡ, ನಾನು ನೋಡಿದ್ದೇನೆ ಅಂತ ಅನ್ನುವುದಿಲ್ಲ.

ನೋಡಲಿ.